ನಮ್ಮ ಕಾಟೇಜ್ ಕೆರೆಯಲ್ಲಿ ಟ್ರೌಟ್ ಎಷ್ಟಿವೆ, ಲೆಕ್ಕ ಹಾಕೋದು ಹೇಗೆ?

ಪ್ರಶ್ನೆ: ನಾವು ಸೊರಬದ ಕಡೆಯವರು, ಈಗ ಟೊರೊಂಟೊದಲ್ಲಿದ್ದೇವೆ. ಇಲ್ಲಿನ ಒಂಟಾರಿಯೊ ಪ್ರಾಂತ್ಯದ ಹ್ಯಾಲಿಬರ್ಟನ್ ಪ್ರದೇಶದಲ್ಲಿ ಒಂದು ಸಣ್ಣ ಕೆರೆಯ ದಂಡೆಯ ಮೇಲೆ ಕಾಟೇಜ್ ತೆಗೆದುಕೊಂಡಿದ್ದೇವೆ. ಕೆರೆಯ ವಿಸ್ತಾರ ಸುಮಾರು 60 ಹೆಕ್ಟೇರ್, ಆಳ ಇರುವ ಕಡೆ 25 ಮೀಟರ್ ಇದೆ. ಲೇಕ್ ಟ್ರೌಟ್, ಸ್ಮಾಲ್‌ಮೌತ್ ಬಾಸ್, ರಾಕ್ ಬಾಸ್, ಪರ್ಚ್, ಸಕ್ಕರ್ ಇವೆಯಂತೆ. ‘ಮೊದಲಿನ ಹಾಗೆ ಟ್ರೌಟ್ ಸಿಗ್ತಿಲ್ಲ’ ಅಂತ ಹಳಬರು ಹೇಳುತ್ತಾರೆ. ‘ನಮಗೆ ಬೇಕಾದಷ್ಟು ಸಿಗುತ್ತೆ’ ಅಂತ ಇನ್ನು ಕೆಲವರು. ನಮ್ಮ ಲೇಕ್ ಅಸೋಸಿಯೇಷನ್‌ನವರು ಕೆರೆಯಲ್ಲಿ ಎಷ್ಟು ಮೀನಿದೆ ಅಂತ ಪತ್ತೆ ಮಾಡುವ ಕೆಲಸ ನನಗೆ ಒಪ್ಪಿಸಿದ್ದಾರೆ. ಒಂದು ಒಳ್ಳೆ ಫಿಶ್ ಫೈಂಡರ್ ಕೊಂಡರೆ ಸಾಕಾ? ಬಲೆ ಹಾಕಬೇಕಾ? ಮೀನು ಕಮ್ಮಿ ಇದ್ದರೆ ಮರಿ ತಂದು ಬಿಡಬಹುದಾ?

ಉತ್ತರ:

ಫಿಶ್ ಫೈಂಡರ್ ಸಾಲುವುದಿಲ್ಲ. ಬಲೆಯನ್ನು ನೀವಾಗಿ ಹಾಕುವಂತಿಲ್ಲ. ಮರಿ ಬಿಡುವ ವಿಚಾರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ‘ಎಷ್ಟು ಮೀನಿದೆ’ ಅನ್ನೋ ಪ್ರಶ್ನೆಯನ್ನೂ ಸ್ವಲ್ಪ ಬದಲಾಯಿಸಿಕೊಳ್ಳಿ. ನಿಮ್ಮ ಕೆರೆಗೆ ಮುಖ್ಯವಾಗಿ ಬೇಕಾಗಿರೋದು ಒಟ್ಟು ಸಂಖ್ಯೆ ಅಲ್ಲ. ಪ್ರತಿ ವರ್ಷ ಹೊಸ ಟ್ರೌಟ್ ಮರಿಗಳು ಬೆಳೆದು ದೊಡ್ಡವರ ಸಾಲಿಗೆ ಸೇರುತ್ತಿವೆಯೋ ಇಲ್ಲವೋ ಅನ್ನೋದು ಗೊತ್ತಾಗಬೇಕು. ಸಾವಿರ ಟ್ರೌಟ್ ಇದ್ದು ಎಲ್ಲವೂ ಮುದಿಯಾಗಿದ್ದರೆ ಆ ಕೆರೆ ಕಷ್ಟದಲ್ಲಿದೆ. ಮುನ್ನೂರೇ ಇದ್ದು ಎಲ್ಲ ವಯಸ್ಸಿನವೂ ಇದ್ದರೆ ಅಷ್ಟು ಚಿಂತೆ ಬೇಡ.

ನೀವು ಸೊರಬದವರು ಅಂದಿರಿ, ಹಾಗಾಗಿ ಕೆರೆಬೇಟೆ ನೋಡಿರುತ್ತೀರಿ. ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ಊರಿಗೆ ಊರೇ ಕೂಣಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಹಿಡಿದು ಇಳಿಯುತ್ತದೆ. ಸಂಜೆಯೊಳಗೆ ಆ ಕೆರೆಯಲ್ಲಿ ಏನಿತ್ತು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ನಿಮ್ಮ ಈಗಿನ ಕೆರೆಯಲ್ಲಿ ಆ ಅನುಕೂಲ ಇಲ್ಲ. 25 ಮೀಟರ್ ಆಳ, ತಳದಲ್ಲಿ ಬೇಸಿಗೆಯಲ್ಲೂ ಐದಾರು ಡಿಗ್ರಿ ಚಳಿ, ವರ್ಷದ ನಾಲ್ಕೈದು ತಿಂಗಳು ಮೇಲೆ ಮಂಜುಗಡ್ಡೆ. ನಮ್ಮ ಕೈಗೆ ಸಿಗುವ ಕೆಲವೇ ಮೀನು ನೋಡಿ, ಕಾಣದ ಉಳಿದವುಗಳ ಬಗ್ಗೆ ಹೇಳಬೇಕು. ಎಲ್ಲ ವಿಧಾನಗಳೂ ಇಷ್ಟನ್ನೇ ಮಾಡುತ್ತವೆ. ಯಾವ ವಿಧಾನ ಎಲ್ಲಿ ಮೋಸ ಮಾಡುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

‘ಎಷ್ಟು’ ಅನ್ನೋದಕ್ಕೆ ನೇರವಾಗಿ ಉತ್ತರ ಕೊಡುವ ಮುಖ್ಯ ವಿಧಾನ ಇದು: ಗುರುತು ಹಾಕಿ ಬಿಟ್ಟು, ಮತ್ತೆ ಹಿಡಿಯುವುದು. 1890ರ ದಶಕದಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಪೀಟರ್ಸನ್ ಪ್ಲೇಸ್ ಅನ್ನೋ ಚಪ್ಪಟೆ ಮೀನಿಗೆ ಗುರುತು ಕಟ್ಟಿ ಸಮುದ್ರಕ್ಕೆ ಬಿಟ್ಟರು. ಈ ಲೆಕ್ಕಕ್ಕೆ ಇವತ್ತಿಗೂ ಅವರ ಹೆಸರೇ ಇದೆ. 1938ರಲ್ಲಿ ಜೋಯಿ ಶ್ನಾಬೆಲ್ ಎಂಬ ಗಣಿತಜ್ಞೆ, ಒಂದು ಕೆರೆಯ ಮೀನನ್ನು ಹಲವು ಸಲ ಹಿಡಿದು ಬಿಟ್ಟರೆ ಲೆಕ್ಕ ಹೇಗೆ ಹಾಕಬೇಕು ಅಂತ ತೋರಿಸಿದರು.

ಲೆಕ್ಕ ಸರಳ. 200 ಟ್ರೌಟ್ ಹಿಡಿದು, ರೆಕ್ಕೆಯ ಒಂದು ಮೂಲೆ ಕತ್ತರಿಸಿ ಬಿಟ್ಟಿರಿ ಅಂದುಕೊಳ್ಳಿ. ಅವು ಉಳಿದ ಮೀನುಗಳ ಜೊತೆ ಬೆರೆಯಲು ಬಿಟ್ಟು, ಮತ್ತೆ 150 ಹಿಡಿದಿರಿ. ಅದರಲ್ಲಿ 30ಕ್ಕೆ ಗುರುತಿದೆ. ಅಂದರೆ ಐದರಲ್ಲಿ ಒಂದು ನಿಮ್ಮದು. ಗುರುತು ಹಾಕಿದ್ದು 200, ಹಾಗಾದರೆ ಕೆರೆಯಲ್ಲಿ ಸುಮಾರು 1000. ಇಷ್ಟು ಒಳ್ಳೆ ಅಂಕಿ ಸಿಕ್ಕರೂ ಅಂದಾಜಿನ ಎರಡೂ ಬದಿಯ ಮಿತಿ ಹಾಕಿ ನೋಡಿದರೆ 700ರಿಂದ 1250ರವರೆಗೆ ಎಲ್ಲಿ ಬೇಕಾದರೂ ಇರಬಹುದು. ‘ಸಾವಿರ ಮೀನಿದೆ’ ಅಂತ ಮೀಟಿಂಗಿನಲ್ಲಿ ಹೇಳುವವರು ಈ ಮಿತಿಯನ್ನು ಹೇಳುವುದೇ ಇಲ್ಲ.

ಸಣ್ಣ ಕೆರೆಗಳಲ್ಲಿ 200 ಟ್ರೌಟ್ ಸುಲಭಕ್ಕೆ ಸಿಗಲ್ಲ. 60ಕ್ಕೆ ಗುರುತು ಹಾಕಿದಿರಿ, ಆಮೇಲೆ 50 ಹಿಡಿದಿರಿ, ಗುರುತಿದ್ದದ್ದು ಮೂರೇ ಅಂತಿಟ್ಟುಕೊಳ್ಳಿ. ಸಣ್ಣ ಸಂಖ್ಯೆಗಳಿಗಾಗಿ ತಿದ್ದಿದ ಚಾಪ್‌ಮನ್ ಸೂತ್ರ ಹಾಕಿದರೆ ಸುಮಾರು 777 ಬರುತ್ತದೆ. ಆ ದಿನ ಗುರುತಿನ ಮೀನು ಇನ್ನೊಂದು ಸಿಕ್ಕಿದ್ದರೆ ಉತ್ತರ 621. ಒಂದು ಕಮ್ಮಿ ಸಿಕ್ಕಿದ್ದರೆ 1036. ಒಂದೇ ಒಂದು ಮೀನು ಹೆಚ್ಚು ಸಿಕ್ಕಿತೋ ಕಮ್ಮಿ ಸಿಕ್ಕಿತೋ ಅನ್ನೋದರ ಮೇಲೆ ಕೆರೆಯ ‘ಜನಸಂಖ್ಯೆ’ 621ರಿಂದ 1036ರವರೆಗೆ ಓಲಾಡುತ್ತದೆ. ಇದನ್ನು ನಿಮ್ಮ ಅಸೋಸಿಯೇಷನ್ ಮುಂದೆ ಬೋರ್ಡಿನ ಮೇಲೆ ಬರೆದು ತೋರಿಸಿ. ನೂರು ಮಾತಿಗಿಂತ ಇದು ಬೇಗ ಅರ್ಥ ಆಗುತ್ತದೆ.

ಇದರ ಜೊತೆಗೆ ಷರತ್ತುಗಳೂ ಇವೆ. ಗುರುತು ಉದುರಬಾರದು. ಗುರುತು ಹಾಕಿದ ಮೀನು ಆ ಗಾಯದಿಂದ ಸಾಯಬಾರದು. ಮಧ್ಯದಲ್ಲಿ ಹೊಳೆಯಿಂದ ಹೊಸ ಮೀನು ಬರಬಾರದು, ಇರುವವು ಹೋಗಬಾರದು. ಎಲ್ಲ ಮೀನಿಗೂ ಸಿಕ್ಕಿಬೀಳುವ ಅವಕಾಶ ಒಂದೇ ಥರ ಇರಬೇಕು. ಈ ಕೊನೆಯದು ಹೆಚ್ಚುಕಡಿಮೆ ಯಾವಾಗಲೂ ಸುಳ್ಳಾಗುತ್ತದೆ. ಲೇಕ್ ಟ್ರೌಟ್ ಮೊಟ್ಟೆ ಇಡೋದು ಅಕ್ಟೋಬರ್ ಹೊತ್ತಿಗೆ, ರಾತ್ರಿ, ಕಲ್ಲು ತುಂಬಿದ ಆಳವಿಲ್ಲದ ಜಾಗಗಳಲ್ಲಿ. ಅಲ್ಲಿ ಹಿಡಿಯೋದು ಸುಲಭ, ಹಾಗಾಗಿ ಎಲ್ಲರೂ ಅಲ್ಲೇ ಹಿಡಿಯುತ್ತಾರೆ. ಆದರೆ ಗಂಡುಗಳು ಅಲ್ಲಿ ದಿನಗಟ್ಟಲೆ ಠಿಕಾಣಿ ಹೂಡುತ್ತವೆ, ಹೆಣ್ಣುಗಳು ಬಂದು ಮೊಟ್ಟೆ ಇಟ್ಟು ಬೇಗ ಹೊರಟುಬಿಡುತ್ತವೆ. ಮರಿಗಳಂತೂ ಆ ಕಡೆ ತಲೆ ಹಾಕೋದೇ ಇಲ್ಲ. ಹಾಗೆ ಬಂದ ಸಂಖ್ಯೆ ಹೆಚ್ಚಾಗಿ ‘ದೊಡ್ಡ ಗಂಡುಗಳ’ ಸಂಖ್ಯೆ. ಅದಕ್ಕೂ ಬೆಲೆ ಇದೆ, ಆದರೆ ಅದನ್ನು ಕೆರೆಯ ಒಟ್ಟು ಸಂಖ್ಯೆ ಅಂತ ಕರೆಯಬಾರದು.

ಇಷ್ಟೆಲ್ಲ ತಾಪತ್ರಯ ಇರೋದರಿಂದಲೇ ಒಂಟಾರಿಯೊ ಸರ್ಕಾರ ತನ್ನ ಕೆರೆಗಳಲ್ಲಿ ಸಾಮಾನ್ಯವಾಗಿ ಒಟ್ಟು ಸಂಖ್ಯೆಯ ಗೋಜಿಗೆ ಹೋಗುವುದಿಲ್ಲ. ಇಲ್ಲಿ ಎರಡೂವರೆ ಲಕ್ಷ ಕೆರೆಗಳಿವೆ ಅಂತ ಹೇಳುತ್ತಾರೆ, ಎಷ್ಟರಲ್ಲಿ ಅಂತ ಗುರುತು ಹಾಕುತ್ತಾ ಕೂರಕ್ಕಾಗುತ್ತೆ? ಬದಲಿಗೆ 2008ರಿಂದ ಒಂದು ವಿಶಾಲ ಸಮೀಕ್ಷೆ ನಡೆಸುತ್ತಿದ್ದಾರೆ. ಆರಿಸಿದ ಕೆರೆಗಳಲ್ಲಿ ಐದು ವರ್ಷಗಳ ಸುತ್ತಿನಲ್ಲಿ ಒಂದೇ ಥರದ ಬಲೆ, ಒಂದೇ ಕಾಲ, ಒಂದೇ ರೀತಿ. ಎಷ್ಟು ಸಿಕ್ಕಿತು ಅನ್ನೋದನ್ನು ‘ಒಂದು ಬಲೆಗೆ, ಒಂದು ರಾತ್ರಿಗೆ ಇಷ್ಟು’ ಅಂತ ಬರೆದುಕೊಳ್ಳುತ್ತಾರೆ. ಮುಂದಿನ ಸುತ್ತಿನಲ್ಲಿ ಅದೇ ಶ್ರಮಕ್ಕೆ ಎಷ್ಟು ಸಿಗುತ್ತದೆ ಅಂತ ಹೋಲಿಸುತ್ತಾರೆ.

ಇಲ್ಲಿ ಬಳಸೋದು ಗಿಲ್ ನೆಟ್. ನೀರಿನಲ್ಲಿ ಪರದೆಯ ಹಾಗೆ ನಿಲ್ಲುವ ಬಲೆ. ಮೀನು ಕಾಣದೆ ನುಗ್ಗುತ್ತದೆ, ತಲೆ ದಾಟುತ್ತದೆ, ಹೊಟ್ಟೆ ದಾಟಲ್ಲ, ಹಿಂದೆ ಬರಲು ಹೋದರೆ ಕಿವಿರಿಗೆ ದಾರ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಬಲೆಯ ಕಣ್ಣಿನ ಅಳತೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ದೊಡ್ಡ ಕಣ್ಣಿನ ಬಲೆ ಮಾತ್ರ ಹಾಕಿದರೆ ಸಣ್ಣ ಮೀನು ತೂರಿ ಹೋಗುತ್ತವೆ. ಆಮೇಲೆ ‘ಮರಿಗಳೇ ಇಲ್ಲ’ ಅಂತ ಗಾಬರಿ. ಅದಕ್ಕೇ ಒಂದೇ ಬಲೆಯಲ್ಲಿ ಬೇರೆ ಬೇರೆ ಕಣ್ಣಿನ ತುಂಡುಗಳನ್ನು ಜೋಡಿಸುತ್ತಾರೆ. ಒಂಟಾರಿಯೊದ ದೊಡ್ಡ ಬಲೆಯಲ್ಲಿ 38ರಿಂದ 127 ಮಿಲಿಮೀಟರ್‌ವರೆಗೆ ಎಂಟು ಅಳತೆ ಇದೆ. ಸಣ್ಣ ಮೀನಿಗೆ 13 ಮಿಲಿಮೀಟರಿನಿಂದ ಶುರುವಾಗುವ ಇನ್ನೊಂದು ಬಲೆ. ಸ್ವೀಡನ್, ಫಿನ್ಲೆಂಡ್ ಕಡೆ ಬಳಸುವ ನಾರ್ಡಿಕ್ ಬಲೆ 30 ಮೀಟರ್ ಉದ್ದ, ಒಂದೂವರೆ ಮೀಟರ್ ಎತ್ತರ, ಅದರಲ್ಲಿ 5ರಿಂದ 55 ಮಿಲಿಮೀಟರ್‌ವರೆಗೆ 12 ಅಳತೆಯ ಕಣ್ಣುಗಳು. ಸಂಜೆ ಹಾಕಿ ಬೆಳಗ್ಗೆ ಎತ್ತುತ್ತಾರೆ. 2005ರಲ್ಲಿ ಅದು ಇಡೀ ಯುರೋಪಿನ ಮಾನದಂಡ ಆಯಿತು. (ಎರಡು ದೇಶದ ಅಂಕಿ ಪಕ್ಕಪಕ್ಕ ಇಟ್ಟು ನೋಡುವಾಗ ಜೋಪಾನ. ಕಣ್ಣನ್ನು ಒಬ್ಬರು ಗಂಟಿನಿಂದ ಗಂಟಿಗೆ ಅಳೆಯುತ್ತಾರೆ, ಇನ್ನೊಬ್ಬರು ಎಳೆದು ಹಿಡಿದು ಪೂರ್ತಿ ಅಳೆಯುತ್ತಾರೆ. ಸುಮ್ನೆ ಹೋಲಿಸಿದರೆ ಎರಡು ಪಟ್ಟು ವ್ಯತ್ಯಾಸ ಬರುತ್ತದೆ.)

ಬಲೆ ಎಲ್ಲಿ ಹಾಕಬೇಕು? ಇಲ್ಲಿ ನಿಮ್ಮ ಕೆರೆಯ ಹಿರಿಯರ ಜೊತೆ ಜಗಳ ಆಗೋದು ಖಂಡಿತ. ಅವರು ‘ಆ ಬಂಡೆ ಹತ್ತಿರ ಹಾಕಿ, ಅಲ್ಲೇ ಮೀನಿರೋದು’ ಅನ್ನುತ್ತಾರೆ. ಅವರು ಹೇಳೋದು ಸರಿಯೇ, ಮೀನು ಅಲ್ಲೇ ಇರುತ್ತದೆ. ಆದರೆ ಮೀನಿರೋ ಜಾಗ ಆರಿಸಿ ಬಲೆ ಹಾಕಿದರೆ ನಿಮಗೆ ಗೊತ್ತಾಗೋದು ಆ ಬಂಡೆಯ ಸುದ್ದಿ ಮಾತ್ರ. ಕೆರೆಯನ್ನು ಆಳದ ಪ್ರಕಾರ ಪಟ್ಟಿಗಳಾಗಿ ಭಾಗ ಮಾಡಿ, ಪ್ರತಿ ಪಟ್ಟಿಯಲ್ಲೂ ಚೀಟಿ ಎತ್ತಿದ ಹಾಗೆ ಜಾಗ ಆರಿಸಬೇಕು. ಕೆಲವು ಬಲೆ ಖಾಲಿ ಬರುತ್ತವೆ. ಆ ಖಾಲಿ ಬಲೆಗಳನ್ನೂ ಲೆಕ್ಕಕ್ಕೆ ಸೇರಿಸಬೇಕು.

ಕಾಲವೂ ಅಷ್ಟೇ ಮುಖ್ಯ. ಗಿಲ್ ನೆಟ್ ಮೀನನ್ನು ಹುಡುಕಿಕೊಂಡು ಹೋಗಲ್ಲ, ಮೀನೇ ಬಂದು ಬೀಳಬೇಕು. ಹಾಗಾಗಿ ಅದು ಮೀನು ಎಷ್ಟಿದೆ ಅನ್ನೋದರ ಜೊತೆಗೆ ಮೀನು ಎಷ್ಟು ಓಡಾಡುತ್ತಿದೆ ಅನ್ನೋದನ್ನೂ ಅಳೆಯುತ್ತದೆ. ಜುಲೈನಲ್ಲಿ ಹಾಕಿದ ಬಲೆಯನ್ನು ಅಕ್ಟೋಬರಿನ ಬಲೆಗೆ ಹೋಲಿಸಿದರೆ ಏನೂ ಗೊತ್ತಾಗಲ್ಲ. ಒಂಟಾರಿಯೊದಲ್ಲಿ ಮೇಲಿನ ನೀರು 18 ಡಿಗ್ರಿ ದಾಟಿದ ಮೇಲೆ ಬಲೆ ಹಾಕುತ್ತಾರೆ. ಆಗ ಟ್ರೌಟ್ ಕೆಳಗಿನ ತಣ್ಣನೆಯ ಪದರಕ್ಕೆ ಇಳಿದಿರುತ್ತದೆ, ಎಲ್ಲಿ ಹುಡುಕಬೇಕು ಅಂತ ಗೊತ್ತಿರುತ್ತದೆ. ಲೇಕ್ ಟ್ರೌಟಿಗೇ ಅಂತ ಇರುವ ಇನ್ನೊಂದು ಬೇಸಿಗೆ ವಿಧಾನದಲ್ಲಿ ಬಲೆಯನ್ನು ಎರಡೇ ಗಂಟೆ ಬಿಡುತ್ತಾರೆ. ಸಿಕ್ಕಿದ ಮೀನು ಬಹಳಷ್ಟು ಬದುಕುತ್ತವೆ. ಬೇರೆ ಕೆರೆಗಳಲ್ಲಿ ತಾಳೆ ನೋಡಿದ್ದರಿಂದ ಅದರ ಫಲಿತಾಂಶವನ್ನು ‘ಹೆಕ್ಟೇರಿಗೆ ಇಷ್ಟು ಟ್ರೌಟ್’ ಅಂತ ಬದಲಾಯಿಸಲೂ ಬರುತ್ತದೆ. ನಿಮ್ಮಂಥ ಕೆರೆಗೆ ನಾನು ಆರಿಸುವುದಾದರೆ ಇದನ್ನೇ.

ಇಷ್ಟು ಶಿಸ್ತಿನಿಂದ ಮಾಡಿದರೂ ಎಷ್ಟು ಸೂಕ್ಷ್ಮ ಬದಲಾವಣೆ ಕಾಣಿಸುತ್ತದೆ? ನಾರ್ಡಿಕ್ ಮಾನದಂಡದಲ್ಲಿ ಇಟ್ಟುಕೊಂಡಿರುವ ಗುರಿಯೇ, ಎರಡು ಸಮೀಕ್ಷೆಗಳ ನಡುವೆ ಶೇಕಡಾ 50ರಷ್ಟು ಬದಲಾವಣೆ ಆದರೆ ಗೊತ್ತಾಗಬೇಕು ಅನ್ನೋದು. ಅಂದರೆ ಮೀನು ಅರ್ಧಕ್ಕೆ ಇಳಿದರೆ ಕಾಣುತ್ತದೆ. ಶೇಕಡಾ 15 ಇಳಿದರೆ ಕಾಣಲ್ಲ. ಒಂದು ಬೇಸಿಗೆ ಬಲೆ ಹಾಕಿ ‘ಹೋದ ಸಲಕ್ಕಿಂತ 12 ಪರ್ಸೆಂಟ್ ಕಮ್ಮಿ’ ಅಂತ ಯಾರಾದರೂ ಹೇಳಿದರೆ ನಗು ಬರಬೇಕು.

ಇನ್ನು ಫಿಶ್ ಫೈಂಡರ್. ಅದು ಶಬ್ದ ಕಳಿಸಿ ಪ್ರತಿಧ್ವನಿ ಕೇಳುವ ಯಂತ್ರ, ಮೀನಿನ ಗಾಳಿಚೀಲ ಆ ಶಬ್ದವನ್ನು ಹಿಂದಕ್ಕೆ ಕಳಿಸುತ್ತದೆ. ಯಾವ ಜಾತಿ ಅಂತ ಹೇಳಲ್ಲ. ತಳಕ್ಕೆ ಅಂಟಿಕೊಂಡ ಮೀನು ಅದಕ್ಕೆ ಕಾಣಲ್ಲ, ಎರಡು ಮೀಟರ್ ನೀರಿನ ದಂಡೆಯಲ್ಲಿ ಅದು ಉಪಯೋಗಕ್ಕೇ ಬರಲ್ಲ. ವಿಜ್ಞಾನಿಗಳು ಬಳಸುವ ದುಬಾರಿ ಯಂತ್ರವೂ ದೊಡ್ಡ, ಆಳದ ಕೆರೆಗಳಲ್ಲಿ, ಜೊತೆಗೆ ಬಲೆ ಹಾಕಿದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಕೆರೆಯ ಆಳದ ನಕ್ಷೆ ಮಾಡಿಕೊಳ್ಳಲು ನಿಮ್ಮ ಫೈಂಡರ್ ಬಳಸಿ, ಅದಕ್ಕೆ ಚೆನ್ನಾಗಿದೆ. ನೀರು ಸೋಸಿ ಅದರಲ್ಲಿರುವ ಡಿಎನ್ಎ ನೋಡುವ ವಿಧಾನದ ಬಗ್ಗೆ ಯಾರಾದರೂ ಹೇಳಬಹುದು. ಯಾವ ಜಾತಿ ಇದೆ ಅನ್ನೋದಕ್ಕೆ ಅದು ಒಳ್ಳೆಯದು. ಎಷ್ಟಿದೆ ಅನ್ನೋದಕ್ಕೆ ಇನ್ನೂ ನೆಚ್ಚಿಕೊಳ್ಳುವ ಹಾಗಿಲ್ಲ.

ಈಗ ನಾನು ಮೊದಲೇ ಹೇಳಿದ ವಯಸ್ಸಿನ ವಿಷಯ. ಮೀನಿನ ತಲೆಯೊಳಗೆ, ಮೆದುಳಿನ ಕೆಳಗೆ, ಓಟೋಲಿತ್ ಅಂತ ಪುಟ್ಟ ಸುಣ್ಣದ ಕಲ್ಲುಗಳಿರುತ್ತವೆ. ಸಮತೋಲ ಕಾಪಾಡಲು, ಕೇಳಲು ಮೀನಿಗೆ ಬೇಕಾದವು. ಟ್ರೌಟಿನದು ಕೆಲವೇ ಮಿಲಿಮೀಟರ್ ಉದ್ದ. ಅದನ್ನು ಚಿಮುಟದಿಂದ ತೆಗೆದು, ಒರೆಸಿ, ಒಣಗಿಸಿ, ನಡುಮಧ್ಯಕ್ಕೆ ಸರಿಯಾಗಿ ಮುರಿಯುತ್ತಾರೆ. ಮುರಿದ ಮುಖವನ್ನು ಸಣ್ಣ ಉರಿಗೆ ಹಿಡಿದರೆ ಚಳಿಗಾಲದ ಗೆರೆಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಒಂದು ಹನಿ ಎಣ್ಣೆ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನಡುವಿನಿಂದ ಅಂಚಿಗೆ ಗೆರೆಗಳು: ಬೇಸಿಗೆಯಲ್ಲಿ ಬೆಳೆದ ಅಗಲದ ಪಟ್ಟಿ, ಚಳಿಗಾಲದ ತೆಳು ಪಟ್ಟಿ. ಮೊದಲ ಕೆಲವು ವರ್ಷ ದೂರ ದೂರ, ಮೊಟ್ಟೆ ಇಡುವ ವಯಸ್ಸು ಬಂದ ಮೇಲೆ ಅಂಚಿನಲ್ಲಿ ಒತ್ತೊತ್ತಾಗಿ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ತಾಳೆ ನೋಡುತ್ತಾರೆ.

ಹುರುಪೆಯಲ್ಲೂ ಗೆರೆ ಇರುತ್ತದೆ, ಮೀನು ಸಾಯಿಸಬೇಕಾಗಿಲ್ಲ. ಆದರೆ ಮೀನು ಬೆಳೆಯೋದು ನಿಧಾನವಾದ ಮೇಲೆ ಹುರುಪೆಯ ಅಂಚಿನಲ್ಲಿ ಗೆರೆಗಳು ಸರಿಯಾಗಿ ಮೂಡುವುದಿಲ್ಲ. ಹುರುಪೆ ನೋಡಿದವರು ಹತ್ತು ವರ್ಷ ಅನ್ನುವ ಟ್ರೌಟಿಗೆ ಕಲ್ಲು ನೋಡಿದಾಗ ಇಪ್ಪತ್ತು ಇರುವುದುಂಟು. ಇದು ಬರೀ ಪಂಡಿತರ ಜಗಳ ಅಲ್ಲ. ಮೀನು ಎಳೆಯದು ಅಂದುಕೊಂಡರೆ, ಬೇಗ ಬೆಳೆಯುತ್ತದೆ, ಬೇಗ ಮರಿ ಮಾಡುತ್ತದೆ, ಜಾಸ್ತಿ ಹಿಡಿದರೂ ತಡೆದುಕೊಳ್ಳುತ್ತದೆ ಅಂತ ತೀರ್ಮಾನಿಸಿಬಿಡುತ್ತೀರಿ.

ಬಲೆಗೆ ಸಿಕ್ಕ ಮೀನುಗಳ ವಯಸ್ಸನ್ನು ಸಾಲಾಗಿ ಬರೆದರೆ ಕೆರೆಯ ಕಥೆ ಗೊತ್ತಾಗುತ್ತದೆ. ಐದರಿಂದ ಹದಿನೈದರವರೆಗೆ ಎಲ್ಲ ವಯಸ್ಸಿನವೂ ಇವೆ, ವಯಸ್ಸಾದ ಹಾಗೆ ನಿಧಾನಕ್ಕೆ ಕಮ್ಮಿ ಆಗುತ್ತವೆ ಅಂದರೆ ಚೆನ್ನಾಗಿದೆ. ಎಂಟು ದಾಟಿದವು ಇಲ್ಲವೇ ಇಲ್ಲ ಅಂದರೆ ಹಿಡಿಯೋದು ಜಾಸ್ತಿಯಾಗಿದೆ. ಎಲ್ಲವೂ ಹನ್ನೆರಡರ ಮೇಲೆ, ಸಣ್ಣ ಕಣ್ಣಿನ ಬಲೆ ಹಾಕಿದರೂ ಕೆಳಗಿನ ವಯಸ್ಸಿನವು ಇಲ್ಲ ಅಂದರೆ, ಅಷ್ಟು ವರ್ಷದಿಂದ ಮರಿಗಳು ಉಳಿದಿಲ್ಲ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಒಂಟಾರಿಯೊದ ವಾಯವ್ಯ ಮೂಲೆಯಲ್ಲಿದೆ. ಅಲ್ಲಿ ಕೆನೋರಾ ಕಡೆ 1968ರಿಂದ ‘ಪ್ರಾಯೋಗಿಕ ಕೆರೆಗಳ ಪ್ರದೇಶ’ ಅಂತ ಇದೆ. 58 ಸಣ್ಣ ಕೆರೆಗಳನ್ನು ಸಂಶೋಧನೆಗೇ ಮೀಸಲಿಟ್ಟಿದ್ದಾರೆ. ಹೆಚ್ಚಿನ ಕೆರೆಗಳನ್ನು ನಂಬರಿನಿಂದಲೇ ಕರೆಯುತ್ತಾರೆ. ಆಮ್ಲ ಮಳೆಯ ಗಲಾಟೆ ಜೋರಾಗಿದ್ದ ಕಾಲ. ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1976ರಿಂದ 223ನೇ ನಂಬರಿನ ಕೆರೆಗೆ ಬೇಕೆಂದೇ ಸ್ವಲ್ಪ ಸ್ವಲ್ಪವಾಗಿ ಗಂಧಕಾಮ್ಲ ಸುರಿದರು. ಆ ಕೆರೆ 27 ಹೆಕ್ಟೇರ್, ನಿಮ್ಮದರ ಅರ್ಧಕ್ಕಿಂತ ಕಮ್ಮಿ. ನೀರಿನ ಪಿಎಚ್ (ಇದು ಇಳಿದಷ್ಟೂ ಆಮ್ಲ ಜಾಸ್ತಿ) 6.8ರಿಂದ ಕೆಲವು ವರ್ಷಗಳಲ್ಲಿ 5ರ ಹತ್ತಿರಕ್ಕೆ ಇಳಿಯಿತು. ಆಮ್ಲವೇ ಟ್ರೌಟನ್ನು ಕೊಲ್ಲುತ್ತದೆ ಅಂತ ಬಹಳ ಜನ ತಿಳಿದಿದ್ದರು. ಆದದ್ದೇ ಬೇರೆ. ಪಿಎಚ್ 6ಕ್ಕಿಂತ ಸ್ವಲ್ಪ ಕೆಳಗೆ ಹೋಗುತ್ತಲೇ ಟ್ರೌಟಿನ ಊಟವಾದ ಮೈಸಿಸ್ ಅನ್ನೋ ಪುಟ್ಟ ಸಿಗಡಿ ಜಾತಿ ಮತ್ತು ಫ್ಯಾಟ್‌ಹೆಡ್ ಮಿನ್ನೋ ಅನ್ನೋ ಸಣ್ಣ ಮೀನು ಮಾಯವಾಗತೊಡಗಿದವು. ದೊಡ್ಡ ಟ್ರೌಟ್ ಮಾತ್ರ ಇದ್ದವು. ಆಗ ಯಾರಾದರೂ ಬರೀ ತಲೆ ಎಣಿಸಿದ್ದರೆ ‘ಏನೂ ತೊಂದರೆ ಇಲ್ಲ’ ಅನ್ನುತ್ತಿದ್ದರು. ಆದರೆ ಅವುಗಳ ಮರಿ ಉಳಿಯುತ್ತಿರಲಿಲ್ಲ. ಕೊನೆಕೊನೆಗೆ ದೊಡ್ಡವೂ ಊಟವಿಲ್ಲದೆ ಸೊರಗಿದವು. ತಲೆ ದೊಡ್ಡದು, ಮೈ ಕಡ್ಡಿ, ಅಂಥ ಟ್ರೌಟಿನ ಫೋಟೋಗಳು ಆಮೇಲೆ ಪ್ರಪಂಚವೆಲ್ಲ ಓಡಾಡಿದವು. ಶಿಂಡ್ಲರ್ ತಂಡದ ವರದಿ 1985ರಲ್ಲಿ ಬಂತು. ಅದಕ್ಕೇ ನಾವು ಪ್ರತಿ ಮೀನಿನ ಉದ್ದ ಮಾತ್ರ ಅಲ್ಲ, ತೂಕವನ್ನೂ ಬರೆಯುವುದು. ಅದೇ ಉದ್ದದ ಮೀನು ವರ್ಷದಿಂದ ವರ್ಷಕ್ಕೆ ಹಗುರಾಗುತ್ತಿದ್ದರೆ, ಎಣಿಕೆ ಏನೇ ಹೇಳಲಿ, ಕೆಳಗಡೆ ಏನೋ ಕೆಟ್ಟಿದೆ.

ನಿಮ್ಮ ಕೆರೆಯಲ್ಲಿ ಆಮ್ಲಕ್ಕಿಂತ ನನಗೆ ಅನುಮಾನ ಇರೋದು ಎರಡರ ಮೇಲೆ. ಮೊದಲನೆಯದು ಬಾಸ್. ಸ್ಮಾಲ್‌ಮೌತ್, ರಾಕ್ ಬಾಸ್ ಎರಡೂ ಈ ಭಾಗದ ಬಹಳ ಕೆರೆಗಳಿಗೆ ಮನುಷ್ಯರಿಂದಲೇ ಬಂದವು. ಇವು ದಂಡೆಯ ಸಣ್ಣ ಮೀನನ್ನೆಲ್ಲ ತಿಂದು ಮುಗಿಸುತ್ತವೆ. ನಿಮ್ಮ ಪಟ್ಟಿಯಲ್ಲಿ ಸಿಸ್ಕೋ ಹೆಸರಿಲ್ಲ. ಆಳದ ನೀರಿನಲ್ಲಿ ಟ್ರೌಟಿಗೆ ಒಳ್ಳೆ ಊಟ ಅದು. ಅದಿಲ್ಲದ ಕೆರೆಯಲ್ಲಿ ಬಾಸ್ ಬಂದರೆ ಟ್ರೌಟ್ ತೇಲುವ ಸೂಕ್ಷ್ಮ ಜೀವಿಗಳನ್ನು ತಿಂದುಕೊಂಡು ಬದುಕಬೇಕಾಗುತ್ತದೆ. ಒಂಟಾರಿಯೊ ಕೆರೆಗಳಲ್ಲೇ ಇದನ್ನು 1990ರ ದಶಕದಲ್ಲಿ ತೋರಿಸಿದ್ದಾರೆ. ಅಂಥ ಕಡೆ ಮೀನು ಸಣ್ಣದಾಗಿಯೇ ಉಳಿಯುತ್ತದೆ. ‘ಮೊದಲಿನ ಹಾಗೆ ಇಲ್ಲ’ ಅಂತ ಹಳಬರು ಹೇಳೋದು ಸಂಖ್ಯೆಯ ಬಗ್ಗೆಯೋ ಗಾತ್ರದ ಬಗ್ಗೆಯೋ, ಕೇಳಿ ನೋಡಿ.

ಎರಡನೆಯದು ಆಳದ ನೀರಿನ ಆಮ್ಲಜನಕ. ಬೇಸಿಗೆಯಲ್ಲಿ ಕೆರೆ ಎರಡು ಪದರ ಆಗುತ್ತದೆ. ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ, ಶರತ್ಕಾಲದವರೆಗೆ ಬೆರೆಯಲ್ಲ. ಟ್ರೌಟಿಗೆ ಮೇಲಿನ ನೀರು ತೀರಾ ಬಿಸಿ. ಕೆಳಗಿನ ನೀರಿನ ಆಮ್ಲಜನಕ ವಸಂತದಲ್ಲಿ ತುಂಬಿಕೊಂಡದ್ದು ಎಷ್ಟೋ ಅಷ್ಟೇ, ಅದರಲ್ಲೇ ಬೇಸಿಗೆ ಕಳೆಯಬೇಕು. ದಂಡೆಯ ಮನೆಗಳ ಸೆಪ್ಟಿಕ್ ಟ್ಯಾಂಕ್, ಹುಲ್ಲುಹಾಸಿಗೆ ಹಾಕಿದ ಗೊಬ್ಬರ, ಇವುಗಳಿಂದ ಫಾಸ್ಫರಸ್ ಇಳಿದರೆ ಪಾಚಿ ಬೆಳೆಯುತ್ತದೆ. ಪಾಚಿ ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ಆ ಆಮ್ಲಜನಕವನ್ನು ತಿನ್ನುತ್ತದೆ. ಒಂಟಾರಿಯೊದಲ್ಲಿ ಟ್ರೌಟ್ ಕೆರೆಯ ತಣ್ಣನೆ ಪದರದಲ್ಲಿ ಬೇಸಿಗೆ ಕೊನೆಗೆ ಸರಾಸರಿ ಲೀಟರಿಗೆ 7 ಮಿಲಿಗ್ರಾಂ ಆಮ್ಲಜನಕ ಇರಬೇಕು ಅಂತ ಮಾನದಂಡ ಇದೆ. ಅದಕ್ಕಿಂತ ಕೆಳಗಿದ್ದರೆ ದಂಡೆಯಲ್ಲಿ ಹೊಸ ಮನೆ ಕಟ್ಟೋದಕ್ಕೇ ತಡೆ ಬರಬಹುದು. ನಿಮ್ಮ ಅಸೋಸಿಯೇಷನ್‌ನಲ್ಲಿ ಈ ವಿಷಯಕ್ಕೆ ಎಲ್ಲರೂ ಕಿವಿ ನಿಮಿರಿಸುತ್ತಾರೆ ನೋಡಿ.

ಹಾಗಾದರೆ ನೀವೇ ಏನು ಮಾಡಬಹುದು? ಬಲೆಗೆ ಮೊದಲು ಲೈಸೆನ್ಸ್ ಬೇಕು. ಗುರುತು ಹಾಕಲು ಹಿಡಿದರೂ ಅಷ್ಟೇ. ವೈಜ್ಞಾನಿಕ ಉದ್ದೇಶಕ್ಕೆ ಮೀನು ಹಿಡಿಯುವ ಲೈಸೆನ್ಸನ್ನು ಪ್ರಾಂತ್ಯದ ನೈಸರ್ಗಿಕ ಸಂಪನ್ಮೂಲ ಸಚಿವಾಲಯ ಕೊಡುತ್ತದೆ. ತಿಳಿದವರು ಜೊತೆಗಿಲ್ಲದೆ ಅರ್ಜಿ ಹಾಕಬೇಡಿ. ಇದು ಸುಮ್ನೆ ಕಾಗದದ ಕಾಟ ಅಲ್ಲ. ಲೇಕ್ ಟ್ರೌಟಿಗೆ 1970ರ ದಶಕದಿಂದ ಬಳಸುವ ಒಂದು ಒರಟು ಅಂದಾಜಿದೆ: ವರ್ಷಕ್ಕೆ ಹೆಕ್ಟೇರಿಗೆ ಅರ್ಧ ಕಿಲೋಗಿಂತ ಹೆಚ್ಚು ತೆಗೆಯಬಾರದು. ನಿಮ್ಮ 60 ಹೆಕ್ಟೇರಿಗೆ ಒಟ್ಟು 30 ಕಿಲೋ. ಕಿಲೋ ತೂಗುವ ಮೀನಾದರೆ 30 ಮೀನು, ಇಡೀ ವರ್ಷಕ್ಕೆ, ಎಲ್ಲ ಕಾಟೇಜಿನವರಿಗೂ ಸೇರಿ, ಚಳಿಗಾಲದಲ್ಲಿ ಐಸ್ ಕೊರೆದು ಹಿಡಿಯುವವರನ್ನೂ ಸೇರಿಸಿ. ರಾತ್ರಿಯಿಡೀ ಬಿಟ್ಟ ಗಿಲ್ ನೆಟ್ಟುಗಳು ಸಮೀಕ್ಷೆಯ ಹೆಸರಲ್ಲೇ ಅಷ್ಟನ್ನು ಕೊಂದುಬಿಡಬಹುದು.

ಗಾಳದವರ ಡೈರಿ ಇಡಿಸಿ. ದಿನಾಂಕ, ಎಷ್ಟು ಗಂಟೆ, ಎಷ್ಟು ಗಾಳ, ಏನು ಸಿಕ್ಕಿತು, ಉದ್ದ ಎಷ್ಟು, ಬಿಟ್ಟರೋ ತಿಂದರೋ. ಏನೂ ಸಿಗದ ದಿನವನ್ನೂ ಬರೆಯಲೇಬೇಕು. ಜನ ಮರೆಯೋದೇ ಅದನ್ನು. ಆದರೆ ಈ ಡೈರಿಯನ್ನು ಪೂರ್ತಿ ನಂಬಬೇಡಿ. ಮೀನು ಕಮ್ಮಿ ಆದಾಗ ಉಳಿದವು ಒಳ್ಳೆ ಜಾಗಗಳಲ್ಲಿ ಗುಂಪಾಗುತ್ತವೆ. ಅನುಭವಿಗಳಿಗೆ ಆ ಜಾಗ ಗೊತ್ತು, ಕೈಯಲ್ಲಿ ಫೈಂಡರ್ ಬೇರೆ ಇದೆ. ಕೆರೆಯಲ್ಲಿ ಅರ್ಧ ಖಾಲಿಯಾದರೂ ಅವರಿಗೆ ಗಂಟೆಗೆ ಸಿಗೋದು ಅಷ್ಟೇ ಇರುತ್ತದೆ. ನಿಮ್ಮಲ್ಲಿ ಇಬ್ಬರು ಎರಡು ಮಾತು ಹೇಳುತ್ತಿದ್ದಾರಲ್ಲ, ಇಬ್ಬರೂ ಸುಳ್ಳು ಹೇಳುತ್ತಿಲ್ಲದಿರಬಹುದು. ಡೈರಿಯಲ್ಲಿ ಸಂಖ್ಯೆಗಿಂತ ಉದ್ದದ ಕಾಲಮ್ ನೋಡಿ. ಸಣ್ಣ ಟ್ರೌಟ್ ಆಗಾಗ ಸಿಗುತ್ತಿವೆ ಅಂದರೆ ಒಳ್ಳೆ ಸೂಚನೆ.

ನೀರಿನ ಕೆಲಸಕ್ಕೆ ಲೈಸೆನ್ಸ್ ಬೇಡ. ಡಾರ್ಸೆಟ್‌ನ ಪರಿಸರ ಕೇಂದ್ರದಿಂದ ನಡೆಯುವ ಲೇಕ್ ಪಾರ್ಟ್‌ನರ್ ಕಾರ್ಯಕ್ರಮಕ್ಕೆ ಸೇರಿಕೊಳ್ಳಿ. ನೀರಿನ ಮಾದರಿ ಕಳಿಸಿದರೆ ಫಾಸ್ಫರಸ್ ನೋಡಿ ಹೇಳುತ್ತಾರೆ, ಕಪ್ಪು ಬಿಳಿ ಸೆಕ್ಕಿ ತಟ್ಟೆ ಇಳಿಸಿ ನೀರಿನ ತಿಳಿ ಎಷ್ಟು ಅಂತ ನೀವೇ ಅಳೆಯುತ್ತೀರಿ. ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಲ್ಲಿ ಆಮ್ಲಜನಕದ ಮೀಟರ್ ಒಂದು ದಿನಕ್ಕೆ ಬಾಡಿಗೆಗೆ ತಂದು, ಕೆರೆಯ ಅತಿ ಆಳದ ಜಾಗದಲ್ಲಿ ಮೀಟರಿಗೊಂದರಂತೆ ಮೇಲಿಂದ ಕೆಳಗೆ ಓದಿಕೊಳ್ಳಿ. ಇಡೀ ಯೋಜನೆಯಲ್ಲಿ ಇದಕ್ಕೆ ಆಗುವ ಖರ್ಚೇ ಕಮ್ಮಿ, ಸಿಗುವ ಮಾಹಿತಿ ಜಾಸ್ತಿ.

ಮರಿ ಬಿಡುವ ವಿಷಯ. ನಮ್ಮೂರ ಕೆರೆಗಳಿಗೆ ಕಾಟ್ಲಾ, ರೋಹು ಬಿತ್ತನೆ ಮಾಡುವುದನ್ನು ನೋಡಿ ಬೆಳೆದವರಿಗೆ ಇದು ಸಹಜ ಅನ್ನಿಸುತ್ತದೆ. ಆದರೆ ಅಲ್ಲಿಯ ಲೆಕ್ಕವೇ ಬೇರೆ. ಕಾಟ್ಲಾ, ರೋಹು ಹೊಳೆಯ ಮೀನು, ನಿಂತ ಕೆರೆಯಲ್ಲಿ ತಾವಾಗಿ ಮರಿ ಮಾಡಲ್ಲ. ಹಾಗಾಗಿ ಪ್ರತಿ ವರ್ಷ ಬಿತ್ತಬೇಕು, ಬೆಳೆದದ್ದನ್ನು ಹಿಡಿಯಬೇಕು. ಲೇಕ್ ಟ್ರೌಟ್ ನಿಮ್ಮ ಕೆರೆಯಲ್ಲೇ ತಲೆತಲಾಂತರದಿಂದ ಹುಟ್ಟಿ ಬೆಳೆದದ್ದು. ಹೊರಗಿನ ಮರಿ ತಂದರೆ ಊಟಕ್ಕೆ ಪೈಪೋಟಿ, ತಳಿ ಬೆರಕೆ, ರೋಗದ ಭಯ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ: ಆಮೇಲೆ ಬಲೆಗೆ ಬಿದ್ದ ಮರಿ ಕೆರೆಯದೋ ಹ್ಯಾಚರಿಯದೋ ಗೊತ್ತಾಗಲ್ಲ. ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ. ಲೈಸೆನ್ಸಿಲ್ಲದೆ ಮೀನು ಬಿಡುವುದು ಕಾನೂನಿನ ಪ್ರಕಾರ ತಪ್ಪು ಕೂಡ.

ಮೊದಲ ಕೆಲಸ ಈ ವಾರವೇ ಮಾಡಿ. ಪ್ರಾಂತ್ಯದ ‘ಫಿಶ್ ಆನ್‌ಲೈನ್’ ನಕ್ಷೆಯಲ್ಲಿ ನಿಮ್ಮ ಕೆರೆ ಹುಡುಕಿ. ಯಾವ ಜಾತಿ ದಾಖಲಾಗಿದೆ, ಹಿಂದೆ ಯಾವಾಗಲಾದರೂ ಮರಿ ಬಿಟ್ಟಿದ್ದರೆ ಯಾವ ವರ್ಷ, ಅಲ್ಲೇ ಸಿಗುತ್ತದೆ. ಮರಿ ಬಿಟ್ಟ ದಾಖಲೆ ಇದ್ದರೆ ನಾನು ಮೇಲೆ ‘ತಲೆತಲಾಂತರ’ ಅಂದದ್ದನ್ನು ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಆಮೇಲೆ ಜಿಲ್ಲಾ ಕಚೇರಿಯ ಮೀನುಗಾರಿಕೆ ಜೀವಶಾಸ್ತ್ರಜ್ಞರಿಗೆ ಒಂದು ಇಮೇಲ್ ಹಾಕಿ, ಈ ಕೆರೆಯಲ್ಲಿ ಹಿಂದೆ ಬಲೆ ಸಮೀಕ್ಷೆ ಆಗಿದೆಯಾ, ವಯಸ್ಸಿನ ಪಟ್ಟಿ ಇದೆಯಾ ಅಂತ ಕೇಳಿ. ಹಳೆಯ ಫೈಲಿನಲ್ಲಿ 1980ರ ದಶಕದ ಒಂದು ಸಮೀಕ್ಷೆ ಸಿಕ್ಕಿದರೂ ಸಾಕು, ಮುಂದೆ ಹಾಕುವ ಬಲೆಯನ್ನು ಆದಷ್ಟು ಅದೇ ಥರ, ಅದೇ ತಿಂಗಳಲ್ಲಿ ಹಾಕಿಸಿ. ಅಂಥ ಕಾಗದ ಸಿಕ್ಕಿದರೆ ಸ್ಕ್ಯಾನ್ ಮಾಡಿ ನನಗೂ ಕಳಿಸಿ. ಯಾವ ಬಲೆ, ಎಷ್ಟು ರಾತ್ರಿ ಅಂತ ಬರೆದಿರುವ ಪುಟ ಬಿಡಬೇಡಿ, ಅದಿಲ್ಲದೆ ಉಳಿದ ಅಂಕಿಗಳಿಂದ ನನಗೆ ಏನೂ ಹೇಳಲಾಗುವುದಿಲ್ಲ.